ಬಾಯ್ತುಂಬ ಕವಳ, ಗೆರೆಯಾಚೆ ಚೆಂಡು

ನಿವೃತ್ತಿಯಾದ ಮೇಲೆ ಮನುಷ್ಯನ ಬಾಳಿನಲ್ಲಿ ಏನೂ ನಡೆಯುವುದಿಲ್ಲ ಎಂದು ಯಾರು ಹೇಳಿದರೋ ಕಾಣೆ. ದೂರವಾಣಿ ಇಲಾಖೆಯಲ್ಲಿ ಇದ್ದಷ್ಟು ವರ್ಷವೂ ನಾನು ಬೇರೆಯವರಿಗೆ ಆದದ್ದನ್ನು ತಂತಿಯ ಮೇಲೆ ಕೇಳಿಸಿಕೊಂಡೆನೇ ಹೊರತು ನನಗೆ ಅಂತ ಏನೂ ಆಗಲಿಲ್ಲ. ಆಗುವುದೆಲ್ಲ ಶುರುವಾದದ್ದು ಪಿಂಚಣಿಯ ಜೊತೆಗೇ. ನಾನು ಸುಮ್ಮನೆ ಜಗಲಿಯ ಮೇಲೆ ಕೂತಿರುತ್ತೇನೆ, ಅದು ವಿಳಾಸ ವಿಚಾರಿಸಿಕೊಂಡು ಬರುತ್ತದೆ. ಹೋದ ಚಳಿಗಾಲದಲ್ಲಿ ಹಾಗೆ ಬಂದದ್ದು ಮಹಿಳೆಯರ ವೃತ್ತಿಪರ ಟೆನಿಸ್ ಪಂದ್ಯಾವಳಿ, ಅದರ ಸಿಂಗಲ್ಸ್ ವಿಭಾಗ.

ಅದು ಬೇರೆ ಊರಿನಲ್ಲಿ ಆಗಬೇಕಿತ್ತು. ಅಲ್ಲಿಯ ಕೋರ್ಟು ರಿಪೇರಿ ಮುಗಿಯಲಿಲ್ಲವಂತೆ. ಶಿರಸಿಯ ನಮ್ಮ ಕ್ಲಬ್ಬಿನಲ್ಲಿ ನಾಲ್ಕು ಮಣ್ಣಿನ ಕೋರ್ಟು ಇವೆ ಎಂದು ಯಾರೋ ಬಾಯಿಬಿಟ್ಟರು, ನಮ್ಮ ಸೆಕ್ರೆಟರಿ ಯಾರನ್ನೂ ಕೇಳದೆ ಹೂಂ ಅಂದರು. ಟಿವಿಯಲ್ಲಿ ಬರುವಂಥ ದೊಡ್ಡ ಟೂರ್ನಮೆಂಟ್ ಅಲ್ಲ, ವೃತ್ತಿಪರ ಏಣಿಯ ಮೊದಲ ಮೆಟ್ಟಿಲು. ಆದರೆ ಆ ಮೆಟ್ಟಿಲನ್ನೇ ಹತ್ತಲು ದೇಶ ವಿದೇಶದಿಂದ ಹುಡುಗಿಯರು ಬರುತ್ತಾರೆ. ಅವರಲ್ಲಿ ಒಬ್ಬಳು ನಮ್ಮವಳೇ, ಯಲ್ಲಾಪುರ ತಾಲೂಕು ಮಂಚಿಕೇರಿಯ ಹುಡುಗಿ. ಸೊಸೈಟಿ ಗೋದಾಮಿನ ಗೋಡೆಗೆ ಚೆಂಡು ಬಡಿದು ಆಟ ಕಲಿತವಳು. ಆ ಗೋಡೆಯ ಗಾರೆ ಅಲ್ಲಲ್ಲಿ ಕಿತ್ತುಹೋಗಿದ್ದರಿಂದ ಚೆಂಡು ಎತ್ತ ಹಾರಿದರೂ ಅವಳಿಗೆ ಆಶ್ಚರ್ಯವಿಲ್ಲ. ಮುಂದೆ ಬಸ್ಸು ಹತ್ತಿ ನಮ್ಮ ಕ್ಲಬ್ಬಿಗೆ ಬಂದು ಅಭ್ಯಾಸ ಮಾಡಿದಳು. ನನ್ನನ್ನು 'ಟ್ರಂಕ್‌ಕಾಲ್ ಅಜ್ಜ' ಎಂದು ಕರೆಯುತ್ತಾಳೆ.

ಮುಖ್ಯ ಸುತ್ತಿನಲ್ಲಿ ಒಂದೇ ಒಂದು ಮ್ಯಾಚ್ ಗೆದ್ದರೆ ಅವಳಿಗೆ ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ಬಾಳಿನ ಮೊದಲ ಅಂಕ. ಎರಡು ವರ್ಷ ಊರೂರು ಸುತ್ತಿದರೂ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ರಾಕೆಟ್ಟು ಅಟ್ಟಕ್ಕೆ, ಹುಡುಗಿ ಬಿ.ಇಡಿ.ಗೆ, ಎಂದು ಮನೆಯಲ್ಲಿ ಮಾತಾಗಿತ್ತು.

೧. ಗಂಟಲಿಗೆ ಸಿಕ್ಕ ನೌಕರಿ

ದೊಡ್ಡ ಪಂದ್ಯಗಳಲ್ಲಿ ಚೆಂಡು ಗೆರೆಯ ಒಳಗೋ ಹೊರಗೋ ಎಂದು ನೋಡಲು ಯಂತ್ರ ಇರುತ್ತದಂತೆ. ನಮ್ಮಲ್ಲಿ ಯಂತ್ರದ ಜಾಗದಲ್ಲಿ ಎಂಟು ಜನ ನಿವೃತ್ತರನ್ನು ಕೂರಿಸುವುದು ಎಂದು ತೀರ್ಮಾನವಾಯಿತು. ಮೈಸೂರಿನಿಂದ ಬಂದ ಅಂಪೈರ್ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಅವರು ಬೇಕೆಂದೇ ಚೆಂಡನ್ನು ಗೆರೆಯ ಆಚೆ ಎಸೆಯುವುದು, ನಾವು 'ಔಟ್' ಎನ್ನುವುದು. ಇಷ್ಟೇ.

ಮೊದಲು ನಿವೃತ್ತ ಹೆಡ್‌ಮಾಸ್ತರರು. ಚೆಂಡು ಒಂದು ಮಾರು ಆಚೆ ಬಿತ್ತು. ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಹೊರಗೆ ಬಿದ್ದ ಹಾಗೆ ಕಾಣ್ತದೆ" ಎಂದರು.

"ಕಾಣ್ತದೆ ಅನ್ನಬಾರದು ಸರ್. ಖಚಿತವಾಗಿ ಹೇಳ್ಬೇಕು."

"ಅಷ್ಟು ಖಚಿತವಾಗಿ ಹೇಳಿದ್ರೆ ಹೊಡೆದವಳಿಗೆ ಬೇಜಾರಾಗ್ತದಲ್ಲ?"

ಎರಡನೆಯವರು ಸಿದ್ದಾಪುರದ ಒಬ್ಬ ನಿವೃತ್ತ ಮ್ಯಾನೇಜರು. ಅವರು ಚೆಂಡನ್ನು ನೋಡಿ, "ಪಾಪ, ಚೂರಲ್ಲಿ ತಪ್ಪಿತು. ಇನ್ನೊಂದ್ಸಲ ಹೊಡೀಲಿ ಬಿಡಿ" ಎಂದು ಪುಕ್ಕಟೆ ಅವಕಾಶವನ್ನೇ ಕೊಟ್ಟುಬಿಟ್ಟರು. ನಮ್ಮ ಕಡೆಯ ಜನವೇ ಹಾಗೆ. ಯಾರನ್ನೂ ಮುಖದ ಮೇಲೆ 'ಹೊರಗೆ' ಎಂದು ಹೇಳಿ ಅಭ್ಯಾಸವಿಲ್ಲ.

ಮೂರನೆಯವನು ನಾನು. ಟ್ರಂಕ್‌ಕಾಲ್ ಕಾಲದಲ್ಲಿ ಶಿರಸಿಯಿಂದ ಮುಂಬಯಿಗೆ ತಂತಿ ಇದ್ದದ್ದು ಹೆಸರಿಗೆ, ಮಾತು ತಲುಪುತ್ತಿದ್ದದ್ದು ನನ್ನ ಗಂಟಲಿನ ಮೇಲೆ. ಚೆಂಡು ಬಿತ್ತು. "ಔಟ್!" ಎಂದೆ. ಪಕ್ಕದ ಕೋರ್ಟಿನಲ್ಲಿ ಆಡುತ್ತಿದ್ದ ಡಾಕ್ಟರರು ತಮ್ಮ ಚೆಂಡೇ ಔಟಾಯಿತೆಂದು ರಾಕೆಟ್ ಎಸೆದರು. ಮೇಡಂ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹೆಸರು ಬರೆದುಕೊಂಡರು.

ಆಮೇಲೆ ಒಂದು ಕಟ್ಟುನಿಟ್ಟಿನ ನಿಯಮ ಹೇಳಿದರು. ಕೋರ್ಟಿನಲ್ಲಿ ಯಾರೂ ಕವಳ ಹಾಕುವಂತಿಲ್ಲ!

ಎಂಟು ದವಡೆಗಳು ಒಟ್ಟಿಗೆ ನಿಂತುಹೋದವು. ಎಲೆ, ಅಡಿಕೆ, ಸುಣ್ಣ, ಮೇಲೊಂದು ಎಸಳು ಹೊಗೆಸೊಪ್ಪು. ಇದನ್ನು ದವಡೆಗಿಟ್ಟುಕೊಳ್ಳದೆ ನಮ್ಮ ಸೀಮೆಯಲ್ಲಿ ಬೆಳಗಾಗುವುದಿಲ್ಲ. ಬಾಯಿ ತುಂಬಿದ್ದಾಗ ಮಾತು ನಿಲ್ಲುತ್ತದೆ ಎಂದೂ ಅಲ್ಲ. ಗದ್ದ ಮೇಲೆತ್ತಿ, ರಸ ಹೊರಬೀಳದ ಹಾಗೆ ತುಟಿ ಬಿಗಿದು, "ಉಂ ಉಂ ಉಂ" ಎಂದೇ ಮದುವೆ ಸಂಬಂಧ ಕುದುರಿಸಿದವರು ನಮ್ಮಲ್ಲಿದ್ದಾರೆ. ಕೇಳುವವರಿಗೆ ಎಲ್ಲವೂ ಅರ್ಥವಾಗುತ್ತದೆ. ಮೇಡಂಗೆ ಆಗುವುದಿಲ್ಲ, ಅಷ್ಟೇ.

ಮನೆಗೆ ಬಂದು ಹೆಂಡತಿಗೆ ನಿಯಮ ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ, "ಹಂಗಾರೆ ವಾರ ಪೂರ್ತಿ ನಿಂಗ ಮಾತಾಡ್ತಾನೇ ಇರ್ತ್ರಾ?" ಎಂದು ಗಾಬರಿಯಾದಳು.

೨. ಹುಳಿಯ ತನಿಖೆ

ಹೋಟೆಲುಗಳು ಭರ್ತಿಯಾಗಿ ಕೆಲವು ಆಟಗಾರ್ತಿಯರನ್ನು ಸದಸ್ಯರ ಮನೆಗೆ ಹಂಚಿದರು. ನಮ್ಮ ಪಾಲಿಗೆ ಬಂದವಳು ಯುರೋಪಿನ ಯಾವುದೋ ಚಳಿದೇಶದ ಹುಡುಗಿ. ನಮ್ಮ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅವಳ ಜೊತೆ ಒಬ್ಬ ಕೋಚು, ಅವನಿಗೆ ವಸತಿ ಬೇರೆ ಕಡೆ.

ಮೊದಲ ದಿನ ಮಧ್ಯಾಹ್ನ ಬಾಳೆಲೆ ಊಟ. ನಮ್ಮಲ್ಲಿ ನಿಜವಾಗಿ ಬೇಡವೆಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮುಂದೆ ಬಗ್ಗಿ, ಎಲೆಯನ್ನು ಮೈಯಿಂದಲೇ ಮುಚ್ಚಬೇಕು. ಪಾಪದ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂತು, ನಗುತ್ತ "ನೋ, ಥ್ಯಾಂಕ್ಯೂ" ಎಂದಳು. ನನ್ನ ಹೆಂಡತಿ ಕಬ್ಬಿನ ಹಾಲಿನ ಸಿಹಿಹಾಳೆಯಂಥ ತೊಡದೇವು, ಮೂರನೆಯದನ್ನು ಹಾಕಿದಳು.

"ಬ್ಯಾಡ ಹೇಳ್ತಾ ಇದ್ದಲೆ, ಮಾರಾಯ್ತಿ" ಎಂದೆ.

"ಸುಮ್ನಿರಿ ನಿಂಗ. ಕೂಸು ಮರ್ಯಾದೆಗೆ ಹೇಳ್ತಾ ಇದ್ದು. ಕೈ ಅಡ್ಡ ಹಿಡದ್ದಾ? ಇಲ್ಲೆ ಅಲ್ದಾ?"

ಕೊನೆಗೆ ಬಂತು ಅಪ್ಪೆಹುಳಿ. ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿಯನ್ನು ಅರೆದು, ನೀರು ಬೆರೆಸಿ, ಒಗ್ಗರಣೆ ಹಾಕಿದ ತಣ್ಣನೆಯ ಹುಳಿ. ಕುಡಿದರೆ ಸ್ವರ್ಗ, ಕುಡಿದ ಕಾಲು ಗಂಟೆಗೆ ನಿದ್ದೆ. ಅದು ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಚಳಿದೇಶಕ್ಕೆ ಗೊತ್ತಿರಲಿಲ್ಲ. ಹುಡುಗಿ ಮೂರು ಲೋಟ ಇಳಿಸಿದಳು. ಎರಡೂವರೆಗೆ ಅಭ್ಯಾಸಕ್ಕೆ ಹೋಗಬೇಕಾದವಳು ಚಾಪೆಯ ಮೇಲೆ ಕಾಲು ಚಾಚಿ, ಐದೂಕಾಲಿಗೆ ಎದ್ದಳು.

ಕೋಚು ಕೆಂಡವಾದ. ಯಾಕೆಂದರೆ ಅಷ್ಟರಲ್ಲಿ ಯಾರ ಎದುರು ಯಾರು ಎಂಬ ಪಟ್ಟಿ ಬಂದಿತ್ತು. ನಮ್ಮ ಮನೆಯ ಹುಡುಗಿಯ ಎದುರಾಳಿ ಬೇರಾರೂ ಅಲ್ಲ, ನಮ್ಮ ಮಂಚಿಕೇರಿಯವಳು! ಸ್ಥಳೀಯರು ಸೇರಿ ತನ್ನ ಆಟಗಾರ್ತಿಗೆ ಏನೋ ಕುಡಿಸಿದ್ದಾರೆ ಎಂದು ದೂರು ಕೊಟ್ಟ. ಮರುದಿನ ಊಟದ ಹೊತ್ತಿಗೆ ಸರಿಯಾಗಿ ಅಂಪೈರ್ ಮೇಡಂ ತನಿಖೆಗೆ ಬಂದರು.

"ಅಮ್ಮಾ, ಏನು ಕುಡಿಸಿದ್ರಿ ಅವಳಿಗೆ?"

"ಹುಳಿ. ಕುಡಿದು ನೋಡಿ."

"ನಾನು ಡ್ಯೂಟಿಯಲ್ಲಿದೀನಿ. ಬೇಡ."

ಮೇಡಂ ಕೂಡ ಕೈ ಅಡ್ಡ ಹಿಡಿಯಲಿಲ್ಲ. ಮೊದಲ ಲೋಟ ಪರೀಕ್ಷೆಗೆ, ಎರಡನೆಯದು ಖಚಿತಪಡಿಸಿಕೊಳ್ಳಲು, ಮೂರನೆಯದನ್ನು ಅವರೇ ಕೇಳಿದರು. ಆಮೇಲೆ ವರದಿ ಬರೆಯಲು ಜಗಲಿಯ ಆರಾಮಕುರ್ಚಿಯಲ್ಲಿ ಕೂತರು. ಪೆನ್ನಿನ ಮುಚ್ಚಳ ತೆಗೆದದ್ದನ್ನು ನಾನು ನೋಡಿದೆ. ಹಾಕಿದ್ದನ್ನು ನೋಡಲಿಲ್ಲ. ನಾಲ್ಕೂವರೆಗೆ ಸೆಕ್ರೆಟರಿ ಮೇಡಂರನ್ನು ಹುಡುಕಿಕೊಂಡು ಓಡಿಬಂದರೆ, ನನ್ನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, "ಶ್! ತನಿಖೆ ನಡೀತಾ ಇದೆ" ಎಂದಳು.

೩. ಕೈ ಮಾಡಿದರೆ ನಿಲ್ಲುವ ಗಾಡಿ

ಉಳಿದ ಕೆಲವರು ಯಲ್ಲಾಪುರದಲ್ಲಿ ಇಳಿದುಕೊಂಡಿದ್ದರು. ಅವರನ್ನು ಕರೆತರಲು ಗೊತ್ತು ಮಾಡಿದ್ದು ಶಿರಸಿಯ ಒಬ್ಬ ಸಾಹೇಬರ ವ್ಯಾನು. ತಂದೆಯ ಕಾಲದಿಂದಲೂ ಅದೇ ರಸ್ತೆಯಲ್ಲಿ ಗಾಡಿ ಓಡಿಸುವ ಮನೆತನ. ಮೊದಲ ಸುತ್ತಿನ ದಿನ ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ಗಾಡಿ ಹತ್ತೂ ನಲವತ್ತಾದರೂ ಇಲ್ಲ. ಸೆಕ್ರೆಟರಿ ಗೇಟಿನಲ್ಲಿ ನಿಂತು ಬೆವರುತ್ತಿದ್ದರು.

ಅಂತೂ ಬಂತು. ಬಾಗಿಲು ತೆರೆದರೆ ಮೊದಲು ಇಳಿದದ್ದು ಒಂದು ಬಾಳೆಗೊನೆ. ಅದರ ಹಿಂದೆ ಇಬ್ಬರು ಹೆಂಗಸರು, ಒಬ್ಬ ಪೋಸ್ಟ್‌ಮನ್, ಹೊಲಿಗೆ ಯಂತ್ರ ಹಿಡಿದ ಟೇಲರು, ಒಬ್ಬ ಅಜ್ಜ. ಕಟ್ಟಕಡೆಗೆ, ತೊಡೆಯ ಮೇಲೆ ಯಾರದೋ ಮಗುವನ್ನು ಕೂರಿಸಿಕೊಂಡು ನಗುತ್ತಿದ್ದ, ಆ ಬೆಳಿಗ್ಗೆ ಆಟವಿದ್ದ ಒಬ್ಬಳೇ ಆಟಗಾರ್ತಿ.

"ಇದು ಪ್ಲೇಯರ್ಸ್ ಗಾಡಿ ಕಣಯ್ಯಾ! ಇವರೆಲ್ಲ ಯಾರು?" ಸೆಕ್ರೆಟರಿ ಕೂಗಿದರು.

"ಏನ್ ಮಾಡೂದು ಸಾರ್, ಕೈ ಮಾಡಿದ್ರು, ನಿಲ್ಸ್ದೆ. ನಮ್ಮ ಅಬ್ಬಾ ಕಾಲದಿಂದ ಈ ರೋಡಲ್ಲಿ ಕೈ ಮಾಡ್ದೋರ್ನ ಬಿಟ್ಟು ಬಂದೋರಲ್ಲ ನಾವು."

"ಆಟಗಾರ್ತಿ ಏನೂ ಹೇಳಲಿಲ್ವಾ?"

"ಹೇಳಿದ್ರು ಸಾರ್. ಕೊನೇ ಇಬ್ಬರಿಗೆ ನಾನು ನೋಡ್ಲಿಲ್ಲ, ಅವರೇ ನೋಡಿ ನಿಲ್ಸು ಅಂದ್ರು."

ಆ ಕೊನೆಯ ಇಬ್ಬರಲ್ಲಿ ಒಬ್ಬರು ಮಂಚಿಕೇರಿಯಲ್ಲಿ ಹತ್ತಿದವರು, ನಮ್ಮ ಹುಡುಗಿಯ ಸ್ವಂತ ಅಜ್ಜ. ಮೊಮ್ಮಗಳ ಮ್ಯಾಚು ನೋಡಲು ಬಿಳಿ ಪಂಚೆ ಉಟ್ಟು ಬಂದಿದ್ದರು. ಬಗಲಲ್ಲಿ ತಲೆದಿಂಬಿನಷ್ಟು ದೊಡ್ಡ ಕವಳದ ಚೀಲ. ಆ ಚೀಲವನ್ನು ಗೇಟಿನಲ್ಲೇ ತಡೆಯಬೇಕಿತ್ತು. ಸೆಕ್ರೆಟರಿ ಬಾಳೆಗೊನೆಯನ್ನು ತಡೆದರು.

೪. ಎರಡು ಬೆರಳು

ನಮ್ಮ ಹುಡುಗಿಯ ಮ್ಯಾಚಿಗೆ ನಾನೇ ಗೆರೆಯವನು. ಕೂರಬಹುದೋ ಬಾರದೋ ಎಂದು ನಾನೇ ಮೇಡಂರನ್ನು ಕೇಳಿದ್ದೆ. "ಒಬ್ಬಳು ನಿಮ್ಮನ್ನ ಅಜ್ಜ ಅಂತಾಳೆ, ಇನ್ನೊಬ್ಬಳು ನಿಮ್ಮನೇಲಿ ಊಟ ಮಾಡ್ತಾಳೆ. ತಕ್ಕಡಿ ಸಮ ಇದೆ, ಕೂತ್ಕೊಳ್ಳಿ" ಎಂದರು. ಬಲಬದಿಯ ಉದ್ದ ಗೆರೆ ಈ ತುದಿಯಿಂದ ಆ ತುದಿಯವರೆಗೆ ನನ್ನದು. ನನ್ನ ಕುರ್ಚಿ ಬೇಲಿಗೆ ಒತ್ತಿಕೊಂಡಿತ್ತು, ಬೇಲಿಯ ಆಚೆ ಸರಿಯಾಗಿ ನನ್ನ ಬೆನ್ನ ಹಿಂದೆ ಹುಡುಗಿಯ ಅಜ್ಜ.

ಮೊದಲ ಸೆಟ್ಟು ಚಳಿದೇಶದವಳಿಗೆ. ಎರಡನೆಯದು ನಮ್ಮವಳಿಗೆ. ಮೂರನೆಯದರಲ್ಲಿ ನಮ್ಮವಳು ಐದು–ನಾಲ್ಕು ಮುಂದೆ. ಇನ್ನೊಂದು ಗೇಮು ಗೆದ್ದರೆ ಮೊದಲ ಅಂಕ. ಬದಿ ಬದಲಿಸುವ ವಿರಾಮದಲ್ಲಿ ಬೇಲಿಯ ಕಿಂಡಿಯಿಂದ ಒಂದು ಕೈ ಒಳಬಂತು. ಕೈಯಲ್ಲಿ ಮಡಚಿದ ಎಲೆ.

"ತಗ, ಒಂದು ಕವಳ ಹಾಕು."

"ಬ್ಯಾಡದೋ ಮಾರಾಯಾ. ಮೇಡಂ ಕಂಡ್ರೆ ಬೈತು."

"ಮೇಡಂಗೆ ಎಂತಕ್ಕೆ ಹೇಳ್ತೆ? ದವಡೇಲಿ ಇಟ್ಗ." ಕೈ ಇನ್ನಷ್ಟು ಒಳಬಂತು. "ಆನು ಕೊಟ್ಟ ಕವಳ ಬ್ಯಾಡ ಹೇಳ್ತ್ಯನೋ?"

ಹೀಗೆ ಕೇಳಿದ ಮೇಲೆ ನಮ್ಮ ಸೀಮೆಯಲ್ಲಿ ಇಲ್ಲ ಎಂದವರಿಲ್ಲ. ಅದರ ಮೇಲೆ ನನಗೆ ಬೆಳಗಿನಿಂದ ಕವಳದ ಉಪವಾಸ. ಹಾಕಿಕೊಂಡೆ. ಅಜ್ಜನ ಕವಳ ಎಂದರೆ ಎರಡು ಆಳಿನ ಕವಳ. ಒಂದು ನಿಮಿಷದಲ್ಲಿ ಬಾಯಿ ಕೆರೆ ತುಂಬಿದ ಹಾಗೆ ತುಂಬಿತು. ಉಗುಳೋಣವೆಂದರೆ ಮುಂದೆ ಕೋರ್ಟು, ಹಿಂದೆ ಬಿಳಿ ಪಂಚೆ.

ಆಟ ಸಾಗಿ ನಲವತ್ತು–ಮೂವತ್ತು ಆಯಿತು. ಮ್ಯಾಚ್ ಪಾಯಿಂಟು. ನಮ್ಮ ಹುಡುಗಿ ಗೋದಾಮಿನ ಗೋಡೆಗೆ ಹೊಡೆಯುವ ಹಾಗೆ ಬೀಸಿದಳು. ಚೆಂಡು ನನ್ನ ಗೆರೆಯನ್ನೇ ಹಿಡಿದು ಹಾರಿ, ಆ ತುದಿಯಲ್ಲಿ ಎರಡು ಬೆರಳು ಆಚೆ ಬಿತ್ತು. ಸ್ಪಷ್ಟವಾಗಿ ಕಂಡೆ. ಔಟ್ ಎಂಬ ಸನ್ನೆಗೆ ಕೈ ತಾನಾಗಿ ಅಡ್ಡಕ್ಕೆ ಚಾಚಿಕೊಂಡಿತು. ಬಾಯಿ ತೆರೆಯಲಿಲ್ಲ.

ಮೇಡಂ ಚೆಂಡನ್ನು ನೋಡುತ್ತಿದ್ದರು, ನನ್ನ ಕೈಯನ್ನಲ್ಲ. ಈ ಗಂಟಲೇ ಸುಮ್ಮನಿದ್ದ ಮೇಲೆ ಚೆಂಡು ಒಳಗೇ ಎಂದು ತಿಳಿದರು. "ಗೇಮ್, ಸೆಟ್..." ಎಂದು ಶುರುಮಾಡಿದರು. ಜನ ಎದ್ದು ಕುಣಿದರು. ಚಳಿದೇಶದ ಹುಡುಗಿ ನನ್ನ ಕಡೆ ಬೆರಳು ತೋರಿಸಿ, "ಅಜ್ಜಾ!" ಎಂದು ಕೂಗಿದಳು. ಈ ಒಂದು ಶಬ್ದ ಅವಳಿಗೆ ನನ್ನ ಹೆಂಡತಿ ಕಲಿಸಿದ್ದು.

ಮೇಡಂ ತಿರುಗಿದರು. "ಸರ್, ನಿಮ್ಮ ಕಾಲ್ ಏನು?"

"ಉಂ ಉಂ ಉಂ" ಎಂದೆ, ಗದ್ದ ಎತ್ತಿ.

"ಏನು?"

"ಉಂ ಉಂ ಉಂ!"

ಮೇಡಂರ ಮುಖ ಬಿಳಚಿಕೊಂಡಿತು. ಒಂದು ಕೆನ್ನೆ ಊದಿದೆ, ಮಾತು ಹೊರಡುತ್ತಿಲ್ಲ, ಕೈ ಸೆಟೆದುಕೊಂಡಿದೆ. ಕವಳವಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ, ಏಕೆಂದರೆ ಕವಳವನ್ನು ಅವರೇ ನಿಷೇಧಿಸಿದ್ದರಲ್ಲ! "ಸ್ಟ್ರೋಕ್! ಫಿಸಿಯೋ ಬನ್ನಿ, ಬೇಗ!" ಎಂದು ಕೂಗಿದರು.

ಫಿಸಿಯೋ ಹುಡುಗಿ ಪೆಟ್ಟಿಗೆ ಹಿಡಿದು ಓಡಿಬಂದಳು. ಹಿಂದೆಯೇ ನಾಲ್ಕು ಜನ ಕ್ಲಬ್ಬಿನ ಬೆಂಚು ಹೊತ್ತು ತಂದರು. ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಗುರುತು ಉಳಿಯುತ್ತದೆ, ಅದನ್ನು ನೋಡಿದ್ದರೆ ಸಾಕಿತ್ತು. ಬೆಂಚು ಹೊತ್ತವರು ಆ ತುದಿಯಿಂದ ಬರುವಾಗ ಆ ಗುರುತನ್ನೇ ತುಳಿದು ಅಳಿಸಿದ್ದರು. ನನ್ನನ್ನು ಎತ್ತಿ ಮಲಗಿಸಿದರು. ಮಲಗಿಯೂ ನಾನು ಕೈ ಅಡ್ಡ ಚಾಚಿದೆ. ಫಿಸಿಯೋ ಅದನ್ನು ಮಡಚಿ ಎದೆಯ ಮೇಲಿಟ್ಟಳು. ಮತ್ತೆ ಚಾಚಿದೆ. ಅವಳು ಮತ್ತೆ ಮಡಚಿದಳು.

"ಮೇಡಂ, ಕೈ ಸೆಳೀತಾ ಇದೆ!"

ಅಷ್ಟರಲ್ಲಿ ಮಲಗಿಸಿದ್ದರಿಂದ ರಸವೆಲ್ಲ ಗಂಟಲಿಗೆ ಬಂತು. ಕೆಮ್ಮಿದೆ. ಫಿಸಿಯೋಳ ಬಿಳಿ ಟವೆಲ್ಲು ಕೆಂಪಾಯಿತು. "ರಕ್ತ!" ಎಂದು ಅವಳು ಕಿರುಚಿದಳು. ಮೇಡಂ ಕುರ್ಚಿಯಿಂದ ಇಳಿದೇಬಿಟ್ಟರು. ಈ ಗದ್ದಲದಲ್ಲಿ ಚೆಂಡಿನ ವಿಷಯ ಎಲ್ಲರಿಗೂ ಮರೆತೇಹೋಗಿತ್ತು. ನೆನಪಿದ್ದದ್ದು ನನಗೆ, ಚಳಿದೇಶದವಳಿಗೆ ಮತ್ತು ನೆಟ್ಟಿನ ಹತ್ತಿರ ನಿಂತಿದ್ದ ನಮ್ಮ ಹುಡುಗಿಗೆ.

ಅವಳು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಮ್ಯಾಚು ಅವಳದ್ದು, ಅಂಕ ಅವಳದ್ದು, ಬಿ.ಇಡಿ. ದೂರ. ಆದರೆ ಅವಳು ಬೆಳೆದದ್ದು ಕವಳದ ಅಜ್ಜನ ತೊಡೆಯ ಮೇಲೆ. ಮಾತು ಬರುವ ಮೊದಲೇ "ಉಂ ಉಂ" ಅರ್ಥವಾಗುತ್ತಿದ್ದ ಮಗು. ಮೆಲ್ಲಗೆ ಬೆಂಚಿನ ಹತ್ತಿರ ಬಂದು ಬಗ್ಗಿದಳು.

"ಅಜ್ಜಾ, ಔಟ್ ಅಲ್ದಾ?"

"ಉಂ."

"ಎಷ್ಟು?"

ಎರಡು ಬೆರಳು ಎತ್ತಿದೆ. ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಆಗ ಬೇಲಿಯ ಹಿಂದಿನಿಂದ ಅವಳ ಅಜ್ಜ ಗದ್ದ ಎತ್ತಿ ಜೋರಾಗಿ, "ಉಂಉಂ! ಉಂ ಉಂಉಂ!" ಎಂದರು.

ಹುಡುಗಿ ಮೇಡಂ ಕಡೆ ತಿರುಗಿದಳು. "ಮೇಡಂ, ಇವರಿಗೆ ಏನೂ ಆಗಿಲ್ಲ. ಬಾಯಲ್ಲಿ ಕವಳ ಇದೆ ಅಷ್ಟೇ. ಚೆಂಡು ಎರಡು ಬೆರಳು ಔಟಂತೆ. ಮ್ಯಾಚ್ ಮುಗಿದಿಲ್ಲ."

ಮೇಡಂ ನನ್ನನ್ನು ನೋಡಿದ ನೋಟ ನಾನು ಹೇಳಲಾರೆ. ಆಮೇಲೆ ಬೇಲಿಯ ಕಡೆ ಕೈ ತೋರಿಸಿ ಕೇಳಿದರು. "ಮತ್ತೆ ಅಲ್ಲಿರೋರು ಏನು ಹೇಳ್ತಿದಾರೆ?"

"ಅವರು ನಮ್ಮಜ್ಜ. ನಂಗೆ ಬಾಯಿ ಮುಚ್ಕೊಂಡಿರು ಅಂತಿದ್ದಾರೆ."

ನಾನು ಬಾಯಿ ತೊಳೆದು ಬಂದು, ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತೆ. ನಲವತ್ತು–ನಲವತ್ತರಿಂದ ಆಟ ಮತ್ತೆ ಶುರು. ನಮ್ಮವಳು ಒಂದು ಪಾಯಿಂಟು ಕಳೆದುಕೊಂಡಳು. ಬೇಲಿಯ ಹಿಂದೆ ಅಜ್ಜ ನನ್ನ ಬೆನ್ನಿಗೆ ಹತ್ತಿರವಾಗಿ ನಿಟ್ಟುಸಿರುಬಿಟ್ಟರು, ಕುತ್ತಿಗೆ ಬಿಸಿಯಾಯಿತು. ಅವಳು ಒಂದು ಗೆದ್ದಳು, ಮತ್ತೆ ಸಮ. ಇನ್ನೊಂದು ಗೆದ್ದಳು. ಮತ್ತೆ ಮ್ಯಾಚ್ ಪಾಯಿಂಟು! ಈ ಸಲ ಹೊಡೆದವಳು ಚಳಿದೇಶದ ಹುಡುಗಿ. ಚೆಂಡು ಮತ್ತೆ ನನ್ನ ಗೆರೆಯನ್ನೇ ಹಿಡಿದು ಬಂತು. ಬಿತ್ತು. ನೀವು ನಂಬಿದರೆ ನಂಬಿ, ಸರಿಯಾಗಿ ಎರಡು ಬೆರಳು ಆಚೆ.

"ಔಟ್!"

ಮುಂಬಯಿಗೆ ತಂತಿಯಿಲ್ಲದೆಯೂ ಕೇಳಿರಬೇಕು. ಉಳಿದ ಮೂರು ಕೋರ್ಟುಗಳಲ್ಲೂ ಆಟ ನಿಂತುಹೋಯಿತು. ಮೇಡಂ ಫಲಿತಾಂಶ ಹೇಳಿದರು, ಜನರ ಕೂಗಿನಲ್ಲಿ ಯಾರಿಗೂ ಕೇಳಲಿಲ್ಲ. ಚಳಿದೇಶದವಳು ನೆಟ್ಟಿನ ಮೇಲಿಂದ ಬಗ್ಗಿ ನಮ್ಮ ಹುಡುಗಿಯನ್ನು ಅಪ್ಪಿಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸುಣ್ಣ ಹೆಚ್ಚಾದದ್ದಕ್ಕೆ ಎಂದು ಫಿಸಿಯೋಗೆ ಹೇಳಿದೆ.

ಅಜ್ಜ ಗೇಟು ದಾಟಿ ಒಳಗೆ ಬಂದವರು ಮೊಮ್ಮಗಳ ಹತ್ತಿರ ಹೋಗಲಿಲ್ಲ, ನೇರ ಮೇಡಂ ಎದುರು ನಿಂತರು. ಎರಡೂ ಕೈಯಲ್ಲಿ ಮಡಚಿದ ಎಲೆ ಹಿಡಿದು, "ತಪ್ಪಾತು ತಾಯೀ. ಈಗ ಮ್ಯಾಚು ಮುಗೀತಲ್ಲ, ಆನು ಕೊಟ್ಟಿದ್ದು ಬೇಡ ಹೇಳಬೇಡಿ" ಎಂದರು. ಮೇಡಂ ಅತ್ತಿತ್ತ ನೋಡಿದರು. ನಮ್ಮ ಮನೆಯ ಹುಳಿ ನೆನಪಾಯಿತೋ ಏನೋ, ಬೇಡ ಎನ್ನುವ ಪ್ರಯತ್ನವನ್ನೂ ಮಾಡಲಿಲ್ಲ. ಬಾಯಿ ತೆರೆದು ಇಟ್ಟುಕೊಂಡರು. ಎರಡು ಆಳಿನ ಕವಳ!

ಆಗ ಬಂದರು ನಮ್ಮ ಸೆಕ್ರೆಟರಿ. ಇಷ್ಟು ಹೊತ್ತೂ ಅಡುಗೆಮನೆಯಲ್ಲಿ ಪಲಾವಿನ ಮೇಲ್ವಿಚಾರಣೆ ಮಾಡುತ್ತಿದ್ದವರು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಓಡಿಬಂದರು. "ಯಾರು ಗೆದ್ದದ್ದು? ಬೋರ್ಡಿನ ಮೇಲೆ ಬರೀಬೇಕು. ನೀವ್ಯಾರೂ ಹೇಳಬೇಡಿ, ಅಂಪೈರೇ ಹೇಳ್ಬೇಕು. ಮೇಡಂ, ಯಾರು ಗೆದ್ದದ್ದು?"

ಮೇಡಂ ಗದ್ದ ಮೇಲೆತ್ತಿದರು. "ಉಂ ಉಂ ಉಂ."

"ಅಯ್ಯೋ ದೇವರೇ! ಸ್ಟ್ರೋಕಾ?" ಎಂದರು ಸೆಕ್ರೆಟರಿ.

ನಮ್ಮ ಹುಡುಗಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. "ಏನೂ ಆಗಿಲ್ಲ ಸರ್. ನಾನು ಗೆದ್ದೆನಂತೆ."